ಹದಿನಾಲ್ಕನೆಯ ಸ್ಥಾನಕ್ಕೆ ಬಂದ ಬಿಳಿ

ಮೇ 4

ಅತ್ತೆಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವಲ್ಲಿ ಕ್ಷೇಮವೆಂದು ಅಪ್ಪ ಹೇಳಿದರು. ಮರದ ಪೆಟ್ಟಿಗೆಯಲ್ಲಿ ನಿಮ್ಮೂರಿಗೆ ಹೊರಟಿರುವ ನಮ್ಮ ಕ್ಯಾಮೆರಾ ಲಾರಿಯಲ್ಲಿ ಕ್ಷೇಮವಾಗಿದ್ದರೆ, ಕಾಗದದ ಮೊದಲ ಪ್ಯಾರಾಕ್ಕೆ ಬೇಕಾದವರೆಲ್ಲ ಕ್ಷೇಮ.

ಫೋನ್ ಬಿಟ್ಟು ಕಾಗದವೇಕೆ ಎಂದು ಕೇಳಬೇಡಿ. ಡಿಸೈನು ಕದ್ದಾರೆಂದು ನಿಮ್ಮ ಟೈಲ್ಸ್ ಕಾರ್ಖಾನೆಯ ಗೇಟಿನಲ್ಲೇ ಫೋನ್ ಕಿತ್ತಿಟ್ಟುಕೊಳ್ಳುತ್ತಾರೆ. ಮನೆಗೆ ಮಾಡಿದರೆ ನನ್ನ ಒಂದು ವಾಕ್ಯಕ್ಕೆ ನೀವು ಮೂರು ಕಡೆ ಅಡ್ಡಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ಭಯವಿಲ್ಲ.

ಕಂಪನಿ ನನ್ನೊಬ್ಬನ ಹೆಗಲಿಗೆ ಹೊರಿಸಿರುವ ಮೊದಲ ಕೆಲಸವಿದು, ಅದೂ ನಿಮ್ಮ ಕಣ್ಣೆದುರಿಗೆ. ಮೂವತ್ತೊಂದು ವರ್ಷದಿಂದ ಶೇಡ್ ರೂಮಿನಲ್ಲಿ ಕೂತು ಟೈಲ್ಸ್ ನೋಡಿ ‘ಇದು ಬಿಳಿ, ಇದಲ್ಲ’ ಎನ್ನುತ್ತಿದ್ದೀರಲ್ಲ, ಅದನ್ನೇ ಇನ್ನು ಕ್ಯಾಮೆರಾ ಹೇಳಬೇಕು. ಜುಲೈ ಹತ್ತಕ್ಕೆ ಪರೀಕ್ಷೆ. ಸಾವಿರ ಟೈಲ್ಸು, ಒಂದು ಸಲ ನೀವು, ಒಂದು ಸಲ ಅದು. ಒಂಬೈನೂರೈವತ್ತರಲ್ಲಿ ನಿಮ್ಮಿಬ್ಬರ ಅಭಿಪ್ರಾಯ ಒಂದಾದರೆ ನಾನು ಇಂಜಿನಿಯರ್. ಇಲ್ಲದಿದ್ದರೆ ಗೋಡೌನಿನಲ್ಲಿ ಕೇಬಲ್ ಸುತ್ತುವವನು. ನಮ್ಮ ಸಾಹೇಬರು ಇದನ್ನು ನಗುತ್ತ ಹೇಳಿದರು. ಅವರು ನಗುತ್ತ ಹೇಳಿದ್ದು ಇಲ್ಲಿಯವರೆಗೆ ತಮಾಷೆಯಾಗಿಲ್ಲ.

ಈಗ ಸ್ವಲ್ಪ ಪಾಠ. ಕಾರ್ಖಾನೆ ಕ್ಯಾಮೆರಾಗಳಲ್ಲಿ ಎರಡು ಜಾತಿ. ಏರಿಯಾ ಸ್ಕ್ಯಾನ್ ಎಂಬುದು ಶಾಲೆಯ ಗ್ರೂಪ್ ಫೋಟೋದ ಹಾಗೆ, ಎಲ್ಲರನ್ನೂ ನಿಲ್ಲಿಸಿ ಒಂದೇ ಏಟಿಗೆ ಹಿಡಿಯುತ್ತದೆ. ನಿಮಗೆ ಬರುತ್ತಿರುವುದು ಲೈನ್ ಸ್ಕ್ಯಾನ್. ಅದು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಬೀದಿ ನೋಡುವ ಅಜ್ಜಿ. ಒಂದು ಸಲಕ್ಕೆ ಕೂದಲೆಳೆಯಷ್ಟು ಗೆರೆ ಮಾತ್ರ ಕಾಣುತ್ತದೆ. ಟೈಲ್ಸು ಮುಂದೆ ಸರಿದ ಹಾಗೆ ಗೆರೆಗೆ ಗೆರೆ ಸೇರಿಸಿ ಪೂರ್ತಿ ಚಿತ್ರ ಕಟ್ಟುತ್ತದೆ. ಬೆಲ್ಟ್ ಎಷ್ಟು ವೇಗದಲ್ಲಿದೆ ಎಂದು ಅದಕ್ಕೆ ಹೇಳುವುದು ಬೆಲ್ಟಿಗೆ ಉಜ್ಜಿಕೊಂಡು ತಿರುಗುವ ಒಂದು ಪುಟ್ಟ ಚಕ್ರ. ದಯವಿಟ್ಟು ಆ ಚಕ್ರಕ್ಕೆ ಯಾರೂ ಟವೆಲ್ ನೇತುಹಾಕಬಾರದು.

ಬಣ್ಣದ ವಿಷಯ. ಸಾಮಾನ್ಯ ಕ್ಯಾಮೆರಾದ ಒಂದೊಂದು ಚುಕ್ಕಿಗೂ ಒಂದೊಂದೇ ಬಣ್ಣ ಗೊತ್ತು. ಉಳಿದೆರಡನ್ನು ಅದು ಪಕ್ಕದ ಮನೆಯವರನ್ನು ಕೇಳಿ ಊಹಿಸುತ್ತದೆ. ಬೀದಿಯಲ್ಲಿ ಸುದ್ದಿ ಹುಟ್ಟುವ ಹಾಗೆ ಅದರಲ್ಲಿ ಬಣ್ಣ ಹುಟ್ಟುತ್ತದೆ. ನಮ್ಮದರಲ್ಲಿ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಸಾಲು. ಪ್ರತಿ ಜಾಗವನ್ನೂ ಮೂರು ಸಾಲೂ ಸರದಿಯಲ್ಲಿ ಕಣ್ಣಾರೆ ನೋಡುತ್ತವೆ. ಗಾಳಿಮಾತಿಲ್ಲ, ಮೂರು ಸಾಕ್ಷಿ.

ಆದರೆ ಬಿಳಿ ಎಂದರೇನೆಂದು ಅದಕ್ಕೆ ಗೊತ್ತಿಲ್ಲ, ಹಸುಗೂಸು. ನಾನೇ ಬರೆದ ಸೂಚನೆಗಳ ಹಾಳೆ ಪೆಟ್ಟಿಗೆಯಲ್ಲಿದೆ. ಮೂರನೇ ಪುಟ: ‘ಕಣ್ಣಿಗೆ ಅತ್ಯಂತ ಬಿಳಿಯಾಗಿ ಕಾಣುವ ಟೈಲ್ಸನ್ನು ಕೆಳಗಿಟ್ಟು ಹಸಿರು ಗುಂಡಿ ಒತ್ತಿ.’ ಅಲ್ಲಿಂದಾಚೆ ನೀವು ತೋರಿಸಿದ್ದೇ ಅದಕ್ಕೆ ಬಿಳಿ.

ನಿಮ್ಮ ಸೋದರಳಿಯ

ಮೇ 13

ಅಳಿಯ ದೇವರಿಗೆ,

ಪೆಟ್ಟಿಗೆ ಬಂತು. ಹಸುಗೂಸು ಎಂದೆಯಲ್ಲ, ಇಳಿಸಲು ನಾಲ್ಕು ಜನ ಬೇಕಾಯಿತು. ಬೆಲ್ಟ್ ಮೇಸ್ತ್ರಿ ಅದನ್ನು ಭಟ್ಟಿಯಿಂದ ಟೈಲ್ಸು ಹೊರಬರುವ ಕಡೆ, ಬೆಲ್ಟಿನ ಮೇಲೆ ಕಮಾನು ಕಟ್ಟಿ ಕೂರಿಸಿದ. ಟವೆಲ್ ಮಾತು ಓದಿ ಹೇಳಿದೆ. “ನನ್ನ ಟವೆಲ್ ವಿಷಯ ಅವರಿಗ್ಯಾರು ಹೇಳಿದ್ರು ಮೇಡಂ?” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ.

ಯಾಕೋ ಹಳದಿ ಕಾಗದದಲ್ಲಿ ಬರೆದಿದ್ದೀಯ? ಕಂಪನಿ ಹಳೇ ಫೈಲು ಹರಿದು ಕೊಡುತ್ತಿದೆಯೆ? ಲೋಕಕ್ಕೆಲ್ಲ ಬಣ್ಣ ಕಲಿಸುವವರಿಗೆ ಬಿಳಿ ಹಾಳೆಗೆ ಗತಿಯಿಲ್ಲವೆಂದರೆ ನಾಲ್ಕು ಜನ ನಗುತ್ತಾರೆ. ಈಚೆಗೆ ಯಾವುದೂ ನೆಟ್ಟಗಿಲ್ಲ. ಹೊಸ ಸೋಪಿನಲ್ಲಿ ಒಗೆದರೆ ನನ್ನ ಬಿಳಿ ಸೀರೆ ಮಣ್ಣು ಬಣ್ಣಕ್ಕೆ ಬರುತ್ತದೆ; ಸೋಪನ್ನು ಅಂಗಡಿಗೆ ವಾಪಸು ಕೊಟ್ಟು ಬೈದು ಬಂದೆ. ನಮ್ಮ ಮ್ಯಾನೇಜರಂತೂ ಬಿಳಿ ಶರ್ಟು ಬಿಟ್ಟು ಬೇರೆ ತೊಡದ ಮನುಷ್ಯ, ಅದೂ ಈಗ ಹಳದಿ. “ಸಾರ್, ಮನೇಲಿ ನೀಲಿ ಹಾಕೋದು ಬಿಟ್ರಾ?” ಎಂದೆ. ಎಲ್ಲರೂ ನಕ್ಕರು, ಅವರೊಬ್ಬರನ್ನು ಬಿಟ್ಟು.

ಅದೇ ಮ್ಯಾನೇಜರು ಮೊನ್ನೆ ಟೇಪು ಹಿಡಿದು ಬಂದು ಶೇಡ್ ರೂಮಿನ ಉದ್ದಗಲ ಅಳೆದುಕೊಂಡು ಹೋದರು. ಹೊಸ ಫ್ಯಾನು ಹಾಕಿಸುತ್ತಾರೇನೋ. ‘ಶೇಡಮ್ಮನಿಗೆ ಕೊನೆಗೂ ಗಾಳಿ ಬಂತು’ ಎಂದು ಪ್ಯಾಕಿಂಗಿನವರು ಆಡಿಕೊಳ್ಳುತ್ತಿದ್ದಾರೆ.

ನಿನ್ನ ಅತ್ತೆ

ಮೇ 21

ಅತ್ತೆ,

ಇದು ಅಪ್ಪಟ ಬಿಳಿ ಹಾಳೆ. ಹೋದ ಸಲದ್ದೂ ಬಿಳಿಯೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ. ನಿಮಗೆ ಕಾಮಾಲೆ ಬಂದಿರುವುದು ನಾಲಗೆಗೆ. ಆದರೂ ಈ ಸಲ ದಪ್ಪ ಹಾಳೆ ತೆಗೆದುಕೊಂಡಿದ್ದೇನೆ.

ಫ್ಯಾನಿನ ವಿಷಯ ನನಗೆ ಗೊತ್ತಿಲ್ಲ. ಚಕ್ರ ಬೆಲ್ಟಿಗೆ ತಾಗುತ್ತಿದೆಯೇ ನೋಡಿ. ಬಿಳಿ ತೋರಿಸಿ ಗುಂಡಿ ಒತ್ತಿದ ಮೇಲೆ ಬರೆಯಿರಿ.

ಅಳಿಯ

ಜೂನ್ 2

ಅಳಿಯ ದೇವರಿಗೆ,

ದಪ್ಪ ಹಾಳೆ ದಪ್ಪ ಹಳದಿಯಾಗಿದೆ. ಇರಲಿ, ನಿಮ್ಮ ಕಂಪನಿಯ ಮಾನ ನನ್ನ ಹೊಟ್ಟೆಯಲ್ಲಿಟ್ಟುಕೊಳ್ಳುತ್ತೇನೆ.

ನಿನ್ನ ಕ್ಯಾಮೆರಾ ಶುಕ್ರವಾರ ಕಣ್ಣು ಬಿಟ್ಟಿತು. ಮ್ಯಾನೇಜರು, ಮೇಸ್ತ್ರಿ, ಪ್ಯಾಕಿಂಗಿನವರು ಎಲ್ಲ ಪರದೆಯ ಮುಂದೆ ನಿಂತಿದ್ದರು. ಭಟ್ಟಿಯ ಬಿಸಿ ಕಾಯಿಸಿಕೊಂಡು ಬಿದ್ದಿರುವ ಒಂದು ಬೆಕ್ಕಿದೆ ನಮ್ಮಲ್ಲಿ. ಕೆಲಸ ಮಾಡುವವರನ್ನು ಸುಮ್ಮನೆ ಕೂತು ನೋಡುತ್ತದಾದ್ದರಿಂದ ಸೂಪರ್‌ವೈಸರ್ ಎಂದು ಕರೆಯುತ್ತೇವೆ. ಅದು ಆ ಹೊತ್ತಿಗೇ ಬೆಲ್ಟ್ ಹತ್ತಿತು. ಬೆಲ್ಟು ಆ ಕಡೆ, ಬೆಕ್ಕು ಈ ಕಡೆ, ಎರಡೂ ಬಿಡಲಿಲ್ಲ. ಬೆಕ್ಕು ನಡೆದೇ ನಡೆಯಿತು, ಇದ್ದಲ್ಲೇ ಇತ್ತು, ಕ್ಯಾಮೆರಾದ ಸರೀ ಕೆಳಗೆ. ಪರದೆಯಲ್ಲಿ ಮೊದಲು ತಲೆ ಬಂತು. ಆಮೇಲೆ ನಡು ಬಂತು. ನಡು ಬರುತ್ತಲೇ ಇತ್ತು. ಎಂಟು ಅಡಿ ನಡುವಾದ ಮೇಲೆ ಬಾಲ. ಕಾಲುಗಳ ಸುತ್ತ ಕೆಂಪು, ಹಸಿರು, ನೀಲಿ ಅಂಚು, ಜರಿ ಪಂಚೆ ಉಟ್ಟ ಹಾಗೆ. ಕೊನೆಗೆ ಮೇಸ್ತ್ರಿ, “ಸಾರ್, ಇದನ್ನ ಎಷ್ಟು ಬಾಕ್ಸಲ್ಲಿ ಪ್ಯಾಕ್ ಮಾಡೋದು?” ಎಂದ.

ಬಿಳಿ ಆರಿಸಿದ್ದೂ ಆಯಿತು. ನಿನಗೆ ಗೊತ್ತಲ್ಲ, ನನ್ನ ಡ್ರಾಯರಿನಲ್ಲಿ ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟ ಹಳೇ ಮಾದರಿ ಟೈಲ್ಸೊಂದಿದೆ. ಇಷ್ಟು ವರ್ಷ ಪ್ರತಿಯೊಂದನ್ನೂ ಅದರ ಪಕ್ಕದಲ್ಲಿಟ್ಟೇ ನೋಡಿದ್ದು. ಅದನ್ನೇ ಇಡೋಣವೆಂದಿದ್ದೆ. ಆದರೆ ನಿನ್ನ ಹಾಳೆಯಲ್ಲಿ ‘ಕಣ್ಣಿಗೆ ಅತ್ಯಂತ ಬಿಳಿಯಾಗಿ ಕಾಣುವ’ ಎಂದಿದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು ನಾನು. ಕಿಟಕಿಯ ಬಳಿ ನಲವತ್ತು ಟೈಲ್ಸು ಸಾಲಾಗಿ ನಿಲ್ಲಿಸಿ ಸೌಂದರ್ಯ ಸ್ಪರ್ಧೆ ಮಾಡಿದೆ. ಹಳೇ ಮಾದರಿ ಪಾಪ ಹದಿನಾಲ್ಕನೆಯ ಸ್ಥಾನಕ್ಕೆ ಬಂತು, ವಯಸ್ಸಾಗಿ ಹಳದಿ ತಿರುಗಿದೆ. ಗೆದ್ದವಳು ಯಾರು ಗೊತ್ತೆ? ಏಪ್ರಿಲ್‌ನಲ್ಲಿ ನಾನೇ ರಿಜೆಕ್ಟ್ ಮಾಡಿ ಹಿತ್ತಲಿಗೆ ಎಸೆದಿದ್ದ ಒಬ್ಬಳು. ಎಂಥ ಅನ್ಯಾಯ ಮಾಡಿದ್ದೆ ಅನಿಸಿತು. ಅವಳನ್ನೇ ಇಟ್ಟು ಹಸಿರು ಗುಂಡಿ ಒತ್ತಿದೆ. ಈಗ ಡ್ರಾಯರಿನಲ್ಲೂ ಅವಳೇ. ಟೈಲ್ಸಿನ ಮೇಲೆ ಬಳಿಯುವ ಗ್ಲೇಜ್ ಕಲಸುವವನಿಗೂ ಅವಳನ್ನೇ ತೋರಿಸಿ, ಇನ್ನು ಈ ಬಿಳಿಗೇ ಕಲಸು ಎಂದಿದ್ದೇನೆ.

ಅತ್ತೆ

ಜೂನ್ 10

ಅತ್ತೆ,

ಬೆಕ್ಕಿನ ಭಾಗವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ, ಸಾಹೇಬರು ನಿಜವಾಗಿಯೂ ನಕ್ಕರು. ತಪ್ಪು ಬೆಕ್ಕಿನದಲ್ಲ, ನಂಬಿಕೆಯದು. ಬೆಲ್ಟಿನ ಮೇಲಿರುವುದೆಲ್ಲ ಬೆಲ್ಟಿನ ಜೊತೆ ಸಾಗುತ್ತದೆಂದು ಕ್ಯಾಮೆರಾ ನಂಬಿದೆ; ಇದ್ದಲ್ಲೇ ನಿಂತವರ ನಡು ಹಿಗ್ಗುತ್ತದೆ. ನಮ್ಮ ಆಫೀಸಿನಲ್ಲೂ ಅಷ್ಟೇ. ಅಂಚಿನ ಬಣ್ಣ ಬಂದದ್ದು ಮೂರು ಸಾಲೂ ಬೆಕ್ಕನ್ನು ಬೇರೆ ಬೇರೆ ಜಾಗದಲ್ಲಿ ಕಂಡದ್ದರಿಂದ.

ಸ್ಪರ್ಧೆಯ ಮಾತು ಕೇಳಿ ಹೆಮ್ಮೆಯಾಯಿತು. ಸೂಚನೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ನಮ್ಮ ಕಂಪನಿಯ ಚರಿತ್ರೆಯಲ್ಲೇ ಇಲ್ಲ. ಹದಿನಾಲ್ಕನೆಯ ಸ್ಥಾನದವರಿಗೆ ನನ್ನ ಸಮಾಧಾನ ತಿಳಿಸಿ.

ಅಳಿಯ

ಜುಲೈ 11

ಅಳಿಯ ದೇವರಿಗೆ,

ಒಂಬೈನೂರ ತೊಂಬತ್ತೊಂದು.

ಇನ್ನೊಂದು ಸಲ ಓದಿಕೋ. ಸಾವಿರದಲ್ಲಿ ಒಂಬತ್ತಕ್ಕೆ ಮಾತ್ರ ನಮ್ಮಿಬ್ಬರಿಗೂ ಮನಸ್ತಾಪ. ಮೂವತ್ತು ವರ್ಷ ಸಂಸಾರ ಮಾಡಿದವರೂ ಇಷ್ಟು ಹೊಂದಿಕೊಳ್ಳುವುದಿಲ್ಲ. ನಾನು ಹೂಂ ಅಂದದ್ದಕ್ಕೆಲ್ಲ ಅದೂ ಹೂಂ, ನಾನು ಮುಖ ತಿರುಗಿಸಿದ್ದನ್ನು ಕಬ್ಬಿಣದ ಕೈಯೊಂದು ಬಂದು ಬೆಲ್ಟಿನಾಚೆ ತಳ್ಳುತ್ತದೆ. ಮ್ಯಾನೇಜರು, “ಇಬ್ಬರ ಕಣ್ಣು ಬೇರೆ, ನೋಟ ಒಂದೇ” ಎಂದು ಭಾಷಣ ಮಾಡಿದರು. ಆ ಹಳದಿ ಶರ್ಟಿನಲ್ಲೇ.

ಒಟ್ಟಿನಲ್ಲಿ ನೀನು ಕೇಬಲ್ ಸುತ್ತುವುದು ತಪ್ಪಿತು. ಇನ್ನೂ ಫ್ಯಾನು ಬಂದಿಲ್ಲ.

ಅತ್ತೆ

ಜುಲೈ 18

ಅತ್ತೆ,

ಸಾಹೇಬರು ಕೈ ಕುಲುಕಿದರು. ನನ್ನ ಹೆಸರಿನ ಮುಂದೆ ‘ಹಿರಿಯ’ ಎಂದು ಸೇರಿಸಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಸಂತೋಷ.

ಫಲಿತಾಂಶ ಬರುವ ಹಿಂದಿನ ದಿನ ಒಂದು ಗಳಿಗೆ, ಒಂಬೈನೂರ ನಲವತ್ತು ಬಂದರೂ ಪರವಾಗಿಲ್ಲ ಅನಿಸಿತ್ತು. ಯಾಕೆಂದು ಕೇಳಬೇಡಿ, ಸುಮ್ಮನೆ ಅನಿಸಿತ್ತು.

ಬಿಸಿಲು ಜಾಸ್ತಿಯಿದ್ದರೆ ನೀವೇ ಒಂದು ಟೇಬಲ್ ಫ್ಯಾನು ತಂದಿಟ್ಟುಕೊಳ್ಳಿ.

ಅಳಿಯ

ಆಗಸ್ಟ್ 29

ಅತ್ತೆಯವರಿಗೆ,

ನಿಮ್ಮ ಕಾರ್ಖಾನೆಯಿಂದ ನಮಗೆ ದೂರು ಬಂದಿದೆ. ನೀವು ಕಳಿಸಿದ ಬಿಳಿ ಟೈಲ್ಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಆಸ್ಪತ್ರೆಯ ಗೋಡೆ ಮುಗಿಸಿದರಂತೆ. ಮೊದಲರ್ಧ ಏಪ್ರಿಲ್‌ನ ಮಾಲು, ಉಳಿದರ್ಧ ಜುಲೈನದು. ಗೋಡೆ ಅರ್ಧ ಬಿಳಿ, ಅರ್ಧ ಆಕಾಶ. ಬೇರೆ ಯಾರಾದರೂ ಆಗಿದ್ದರೆ ಕ್ಯಾಲೆಂಡರ್ ನೇತುಹಾಕಿ ಸುಮ್ಮನಾಗುತ್ತಿದ್ದರು. ಆದರೆ ಬಿಳಿಯಲ್ಲಿ ಹದಿನಾರು ಬಗೆ ಗೊತ್ತಿರುವುದು ಲೋಕದಲ್ಲಿ ಇಬ್ಬರಿಗೇ, ನಿಮ್ಮಂಥವರಿಗೆ ಮತ್ತು ಹಲ್ಲು ಕಟ್ಟುವವರಿಗೆ. ಅವರು ಮಾದರಿ ಹಲ್ಲುಗಳನ್ನು ಗೋಡೆಗೆ ಹಿಡಿದು ನೋಡಿ, ಲಾರಿ ಕರೆಸಿ, ಮಿಕ್ಕದ್ದನ್ನೆಲ್ಲ ವಾಪಸು ಕಳಿಸಿದ್ದಾರೆ.

ಕ್ಯಾಮೆರಾ ಕುರುಡು ಎಂದು ನಿಮ್ಮ ಮ್ಯಾನೇಜರು ಬರೆದಿದ್ದಾರೆ. ನಾನು ಸೆಪ್ಟೆಂಬರ್ ಹದಿನೈದರೊಳಗೆ ಕಾರಣ ಬರೆದುಕೊಡಬೇಕು. ಡ್ರಾಯರಿನಲ್ಲಿರುವ ಬಿಳಿ ಟೈಲ್ಸು, ಹಳೇ ಮಾದರಿ, ಎರಡನ್ನೂ ಕಳಿಸಿಕೊಡಿ.

ಅಳಿಯ

ಸೆಪ್ಟೆಂಬರ್ 3

ಎರಡೂ ಕಳಿಸಿದ್ದೇನೆ. ಹಳೆಯದರ ಹಿಂದೆ ಪೆನ್ಸಿಲಿನ ಗುರುತಿದೆ, ನಾನು ಕೆಲಸಕ್ಕೆ ಸೇರಿದ ದಿನದ್ದು. ಒಡೆಯದ ಹಾಗೆ ನೋಡಿಕೋ.

ಇಲ್ಲಿ ಎಲ್ಲ ಚೆನ್ನಾಗಿದೆ.

ಅತ್ತೆ

ಸೆಪ್ಟೆಂಬರ್ 11

ಅತ್ತೆ,

‘ಎಲ್ಲ ಚೆನ್ನಾಗಿದೆ’ ಎಂದು ನೀವು ಈವರೆಗೆ ಯಾವ ಕಾಗದದಲ್ಲೂ ಬರೆದವರಲ್ಲ. ಅದನ್ನು ಓದಿದಾಗಲೇ ಹೆದರಿಕೆಯಾಯಿತು.

ಎರಡು ಟೈಲ್ಸನ್ನೂ ಇಲ್ಲಿನ ಕ್ಯಾಮೆರಾದ ಕೆಳಗಿಟ್ಟೆ. ಹಳೆಯದು ಹಾಲಿನ ಹಾಗೆ ಬಿಳಿ, ಒಂದು ಕೂದಲೂ ಆಚೀಚೆ ಇಲ್ಲ. ಗೆದ್ದವಳು ನೀಲಿ. ಆಮೇಲೆ ನಿಮ್ಮ ಕಾಗದಗಳನ್ನು ತೆಗೆದು ಮೊದಲಿನಿಂದ ಓದಿದೆ. ನನ್ನ ಹಾಳೆ ಹಳದಿ, ಸೀರೆ ಹಳದಿ, ಶರ್ಟು ಹಳದಿ, ಟೈಲ್ಸು ಹಳದಿ. ‘ಸಾವಿರ ಡಿಗ್ರಿಯಲ್ಲಿ ಬೆಂದದ್ದಕ್ಕೆ ವಯಸ್ಸಾಗಲ್ಲ ಕಣೋ, ಒಡೆದೀತೇ ಹೊರತು ಹಳದಿಯಾಗಲ್ಲ’ ಎಂದು ನಾನು ಚಿಕ್ಕವನಿದ್ದಾಗ ಹೇಳಿಕೊಟ್ಟವರು ನೀವೇ. ಜೂನ್‌ನಲ್ಲಿ ‘ವಯಸ್ಸಾಗಿ ಹಳದಿ ತಿರುಗಿದೆ’ ಎಂಬ ನಿಮ್ಮ ಸಾಲು ಓದಿ ನಾನು ನಕ್ಕೆ, ಸಮಾಧಾನ ತಿಳಿಸಿ ಎಂದೆ. ಕಾಮಾಲೆ ಎಂದು ಜೋಕು ಮಾಡಿದೆ.

ಅತ್ತೆ, ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಂದಿರಬೇಕು. ಮಾದರಿಯನ್ನು ಪಕ್ಕದಲ್ಲಿಟ್ಟು ನೋಡುವವರೆಗೆ ನಿಮ್ಮ ತೀರ್ಪು ತಪ್ಪಿರಲಿಲ್ಲ, ಎರಡೂ ಒಂದೇ ಪೊರೆಯ ಹಿಂದಿದ್ದವು. ಮಾದರಿ ಬಿಟ್ಟು ಬರೀ ಕಣ್ಣಳತೆಯಲ್ಲಿ ಆರಿಸಿ ಎಂದದ್ದು ನನ್ನ ಹಾಳೆ. ಕ್ಯಾಮೆರಾ ನಿಮ್ಮ ಕಣ್ಣಿನ ಪೊರೆಯನ್ನೂ ಸೇರಿಸಿ ಕಲಿತುಬಿಟ್ಟಿತು. ಒಂಬೈನೂರ ತೊಂಬತ್ತೊಂದು ಬಂದದ್ದು ಅದಕ್ಕೇ.

ವರದಿಯನ್ನು ಇವತ್ತೇ ನಿಮ್ಮ ಮ್ಯಾನೇಜರಿಗೆ ಅಂಚೆಗೆ ಹಾಕಿದೆ. ‘ಮೂರನೇ ಪುಟದ ಸೂಚನೆಯೇ ತಪ್ಪು. ಅಳೆದು ಖಾತ್ರಿಯಾದ ಬಿಳಿಯನ್ನೇ ಇಡಬೇಕೆಂದು ಬರೆಯಬೇಕಿತ್ತು. ಬರೆದವನು ನಾನು.’ ನಿಮ್ಮ ಕಣ್ಣಿನ ಮಾತು ಅದರಲ್ಲಿ ಇಲ್ಲ.

ಇನ್ನೊಂದು. ಟೇಪು ಯಾಕೆಂದು ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಪರೀಕ್ಷೆ ಪಾಸಾದರೆ ಶೇಡ್ ರೂಮು ಮುಚ್ಚಿ, ನಿಮ್ಮನ್ನು ಪ್ಯಾಕಿಂಗಿಗೆ ಹಾಕಿ, ಆ ರೂಮಿನಲ್ಲಿ ಡಬ್ಬಿ ಪೇರಿಸುತ್ತಾರಂತೆ. ನಮ್ಮ ಸಾಹೇಬರೇ ಹೇಳಿದ್ದರು. ನಾನು ಫ್ಯಾನಿನ ಬಗ್ಗೆ ಬರೆದೆ.

ಅಳಿಯ

ಸೆಪ್ಟೆಂಬರ್ 12

ಕಂದ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ತಪ್ಪು ನನ್ನದು. ಹಳೇ ಮಾದರಿ ಹಳದಿಯಾಗಿ ಕಂಡ ದಿನವೇ ನನಗೆ ಗೊತ್ತಿತ್ತು ಅಂದರೆ ಸುಳ್ಳು. ಗೊತ್ತಿರಲಿಲ್ಲ ಅಂದರೆ ಇನ್ನೂ ದೊಡ್ಡ ಸುಳ್ಳು. ಬೆಂದ ಟೈಲ್ಸು ಹಳದಿಯಾಗುವುದಿಲ್ಲವೆಂದು ಊರಿಗೆಲ್ಲ ಪಾಠ ಹೇಳಿದವಳು, ಆ ಒಂದು ಮಧ್ಯಾಹ್ನ ಆಗುತ್ತದೆ ಎಂದು ನಂಬಿದೆ. ನಂಬದಿದ್ದರೆ ಹಳದಿಯಾದದ್ದು ಏನೆಂದು ನೋಡಬೇಕಾಗುತ್ತಿತ್ತು. ಶೇಡ್ ರೂಮಿನವಳಿಗೆ ಕಣ್ಣು ಹೋಯಿತೆಂದರೆ ಉಳಿಯುವುದು ಬರೀ ರೂಮು.

ಅದೂ ಉಳಿಯುವುದಿಲ್ಲವೆಂದು ಗೊತ್ತು. ಫ್ಯಾನು ಹಾಕಲು ಯಾರೂ ನೆಲ ಅಳೆಯುವುದಿಲ್ಲ ಕಣೋ. ಹೇಳಿದರೆ ನೀನು ಈ ಕೆಲಸ ಬಿಟ್ಟುಬಿಡುತ್ತೀಯೆಂದು ಫ್ಯಾನೆಂದೆ.

ನಾಳೆ ಬೆಳಿಗ್ಗೆ ಮ್ಯಾನೇಜರಿಗೆ ಎಲ್ಲ ಬರೆದುಕೊಡುತ್ತೇನೆ. ನಿನ್ನ ಕ್ಯಾಮೆರಾ ಕುರುಡಲ್ಲ. ಅದು ಅತ್ತೆ ಹೇಳಿದ ಮಾತು ಕೇಳಿತು, ಅಷ್ಟೇ. ಆ ಗುಣ ನಿನಗೆ ಬರಲಿಲ್ಲ.

ಅತ್ತೆ

ಸೆಪ್ಟೆಂಬರ್ 20

ಅಳಿಯ ದೇವರಿಗೆ,

ಹದಿಮೂರರಂದು ಮ್ಯಾನೇಜರು ಊರಲ್ಲಿರಲಿಲ್ಲ. ನನ್ನ ಚೀಟಿ ಅವರ ಮೇಜಿನ ಮೇಲೆ ಕಾಯುತ್ತಿತ್ತು. ಹದಿನೆಂಟಕ್ಕೆ ಬಂದರು, ನಿನ್ನ ವರದಿಯೂ ಅವತ್ತಿನ ಟಪಾಲಿನಲ್ಲೇ ಬಂದಿತ್ತು. ಎರಡನ್ನೂ ಒಟ್ಟಿಗೆ ಓದಿ ನನ್ನನ್ನು ಕರೆಸಿದರು.

“ಏನಮ್ಮ ಇದು? ನನ್ನ ಸರ್ವೀಸಲ್ಲಿ ತಪ್ಪಾದಾಗ ಒಬ್ಬನೂ ಸಿಗೋದಿಲ್ಲ. ಈಗ ನೋಡಿದ್ರೆ ಒಂದೇ ತಪ್ಪಿಗೆ ಇಬ್ಬರು, ಅದೂ ಅತ್ತೆ ಅಳಿಯ ಪೈಪೋಟಿ ಮೇಲೆ. ಯಾರನ್ನ ಹಿಡೀಲಿ?”

“ಅವನು ಹುಡುಗ, ಬಿಟ್ಟುಬಿಡಿ ಸಾರ್.”

“ಅವರು ನಿಮ್ಮನ್ನ ಬಿಟ್ಟುಬಿಡಿ ಅಂತ ಬರೆಯದೇ ಬರ್ದಿದಾರೆ.”

ನಿನ್ನ ವರದಿಯನ್ನು ಮತ್ತೊಮ್ಮೆ ತಿರುವಿ ಕೇಳಿದರು: “ಹಾಗಾದ್ರೆ ಆ ಯಂತ್ರಕ್ಕೆ ಬಿಳಿ ಅಂದ್ರೆ ಏನು ಅಂತ ಯಾರೋ ಒಬ್ಬರು ಹೇಳ್ತಾನೇ ಇರಬೇಕಾ?”

“ದಿನಾ ಬೆಳಿಗ್ಗೆ ತೋರಿಸಿದ್ರೆ ಒಳ್ಳೇದು ಸಾರ್. ದೀಪ ಮಂಕಾಗತ್ತೆ, ಗಾಜಿಗೆ ಧೂಳು ಕೂರತ್ತೆ. ಅದಕ್ಕೂ ಪೊರೆ ಬರತ್ತೆ.”

ಅವರು ಮೇಜಿನ ಮೇಲಿದ್ದ ಟೇಪನ್ನು ಡ್ರಾಯರಿಗೆ ಹಾಕಿದರು. “ಮೊದಲು ಕಣ್ಣು ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ರೂಮಿಗೆ ಬೀಗ. ಕೀ ನಿಮ್ಮ ಹತ್ರಾನೇ ಇರಲಿ.”

ಹಳೇ ಮಾದರಿ ಬೇಗ ಕಳಿಸು. ಹಾಗೇ, ನಿನಗೇನಾಯಿತು ಬರಿ.

ಅತ್ತೆ

ಅಕ್ಟೋಬರ್ 3

ಅತ್ತೆ,

ಹಳೇ ಮಾದರಿಯನ್ನು ಎರಡು ದಿಂಬಿನ ನಡುವೆ ಮಲಗಿಸಿ ಕಳಿಸಿದ್ದೇನೆ. ಹೊಸ ಮೂರನೇ ಪುಟವೂ ಜೊತೆಗಿದೆ.

ಗೋಡೌನಿಗೆ ಹೋಗಲಿಲ್ಲ. ಸಾಹೇಬರು ನನ್ನ ವರದಿ ಓದಿ, “ಸೂಚನೆ ಬರೆಯೋದು ಇಷ್ಟು ದೊಡ್ಡ ಕೆಲಸ ಅಂತ ನೀನೇ ಒಪ್ಕೊಂಡಿದೀಯಲ್ಲ” ಎಂದು, ಕಂಪನಿಯ ಅರವತ್ತೆರಡು ಕ್ಯಾಮೆರಾಗಳ ಸೂಚನೆಗಳನ್ನೂ ಹೊಸದಾಗಿ ಬರೆಯಲು ಹಾಕಿದ್ದಾರೆ. ‘ಹಿರಿಯ’ ಅಳಿಸಿದರು. ಏಳನೆಯದರಲ್ಲಿದ್ದೇನೆ. ಪ್ರತಿ ವಾಕ್ಯ ಬರೆದಾಗಲೂ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಒಬ್ಬ ಹೆಂಗಸು ಇದನ್ನು ಓದಿದರೆ ಏನಾದೀತು ಎಂದು ಯೋಚಿಸಿ, ಹೊಡೆದುಹಾಕಿ, ಮತ್ತೆ ಬರೆಯುತ್ತೇನೆ.

ಆಪರೇಷನ್ ಯಾವತ್ತು?

ಅಳಿಯ

ನವೆಂಬರ್ 8

ಅಳಿಯ ದೇವರಿಗೆ,

ಬಲಗಣ್ಣು ಆಯಿತು. ಎಡದ್ದು ಜನವರಿಯಲ್ಲಿ. ಸದ್ಯಕ್ಕೆ ಒಂದು ಕಣ್ಣು ಮುಚ್ಚಿದರೆ ಹಳೇ ಲೋಕ, ಇನ್ನೊಂದು ಮುಚ್ಚಿದರೆ ಹೊಸದು. ಬಸ್ಸಿನಲ್ಲಿ ಕೂತು ಒಂದಾದ ಮೇಲೊಂದು ಮುಚ್ಚಿ ನೋಡುತ್ತಿದ್ದೆ. ಎದುರಿಗೆ ಕೂತಿದ್ದ ಮುದುಕರೊಬ್ಬರು ತಪ್ಪು ತಿಳಿದು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ನಿನ್ನ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಬಿಳಿ. ತಪ್ಪಾಯಿತು. ಸೀರೆ ಬಿಳಿ. ಸೋಪಿನಂಗಡಿಯವನ ಬಳಿ ಹೋಗಿ ಕ್ಷಮೆ ಕೇಳಿ, ಅದೇ ಸೋಪು ನಾಲ್ಕು ತಂದೆ.

ಸೋಮವಾರ ಶೇಡ್ ರೂಮಿನ ಬೀಗ ತೆಗೆದೆ. ಹಳೇ ಮಾದರಿಯನ್ನು ಒರೆಸಿ, ಕ್ಯಾಮೆರಾದ ಕೆಳಗಿಟ್ಟು, ನಿನ್ನ ಹೊಸ ಪುಟವನ್ನು ಮೂರು ಸಲ ಓದಿ, ಹಸಿರು ಗುಂಡಿ ಒತ್ತಿದೆ. ನೂರು ಟೈಲ್ಸು ಹಾಯಿಸಿದೆವು. ನನ್ನ ಬಲಗಣ್ಣಿಗೂ ಅದಕ್ಕೂ ಎಂಬತ್ತೆಂಟರಲ್ಲಿ ಒಮ್ಮತ. ಉಳಿದ ಹನ್ನೆರಡಕ್ಕೆ ಜಗಳ ನಡೆಯುತ್ತಿದೆ, ಮ್ಯಾನೇಜರು ಅದಕ್ಕೇ ಖುಷಿಯಾಗಿದ್ದಾರೆ. ‘ಹೂಂ ಅಂದದ್ದಕ್ಕೆಲ್ಲ ಹೂಂ ಅಂದ್ರೆ ಭಯ ಆಗತ್ತೆ ಈಗ’ ಅನ್ನುತ್ತಾರೆ.

ಉಳಿದದ್ದು ಒಂದೇ ಕ್ಷಮೆ. ಮೇಸ್ತ್ರಿ, ಪ್ಯಾಕಿಂಗಿನವರು, ಬೆಕ್ಕು ಎಲ್ಲರ ಮುಂದೆ ನಿಂತು, “ಸಾರ್, ಆರು ತಿಂಗಳಿಂದ ನಿಮ್ಮ ಶರ್ಟಿನ ಬಗ್ಗೆ ಬಾಯಿಗೆ ಬಂದ ಹಾಗೆ ಆಡಿದೀನಿ. ದೋಷ ನನ್ನ ಕಣ್ಣಿಂದು” ಎಂದು ಕೈಮುಗಿದೆ. ಅವರು ದೊಡ್ಡ ಮನಸ್ಸಿನಿಂದ, “ಬಿಡಿ ಬಿಡಿ” ಎಂದರು. ಕೈ ಇಳಿಸಿದೆ. ಎಡಗಣ್ಣು ಮುಚ್ಚಿ ಸರಿಯಾಗಿ ನೋಡಿದೆ.

ಹೇಗೆ ಹೇಳಲಿ. ನನ್ನ ಕಣ್ಣನ್ನು ನಾನು ಇನ್ನು ಸುಲಭಕ್ಕೆ ನಂಬುವವಳಲ್ಲ. “ಸಾರ್, ಒಂದ್ಸಲ ತೋಳನ್ನ ಬೆಲ್ಟಿನ ಮೇಲಿಡ್ತೀರಾ?” ಎಂದೆ. ಇಟ್ಟರು. ಬೆಲ್ಟಿನ ಜೊತೆ ಒಂದು ಹೆಜ್ಜೆ ನಡೆದರು ಕೂಡ, ಬೆಕ್ಕಿನ ಗತಿ ಆಗಬಾರದೆಂದು. ಮೂರು ಸಾಲೂ ಸರದಿಯಲ್ಲಿ ಕಣ್ಣಾರೆ ನೋಡಿದವು. ಪರದೆಯಲ್ಲಿ ಕೆಂಪಕ್ಷರದಲ್ಲಿ ‘ರಿಜೆಕ್ಟ್’ ಎಂದು ಬಂತು, ಆಮೇಲೆ ಆ ಕಬ್ಬಿಣದ ಕೈ ಬಂದು ಅವರ ತೋಳನ್ನು ಮೆತ್ತಗೆ ಬೆಲ್ಟಿನಾಚೆ ತಳ್ಳಿತು.

ಹದಿನಾಲ್ಕನೆಯ ಸ್ಥಾನಕ್ಕೂ ಬರುವ ಶರ್ಟಲ್ಲ ಕಣೋ ಅದು.

ನಿನ್ನ ಅತ್ತೆ